ಚಳಿಗಾಲದಲ್ಲಿ ಕಟ್ಟಿದ ಹೊಸ ಉಗ್ರಾಣ: ತಾತ್ಕಾಲಿಕ ಶಾಖ ಹಾಗೂ ತೇವಾಂಶದ ನಿರ್ವಹಣೆ

ಪೀಠಿಕೆ

ಮುಂಗಾರು ಬೆಳೆಯ ಕೊಯ್ಲು ಮುಗಿಯುವ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ನಮ್ಮ ಗ್ರಾಮಗಳಲ್ಲಿ ಕಟ್ಟಡ ಕಾಮಗಾರಿಯ ಕಾಲವೂ ಹೌದು. ಮಳೆಯ ಅಡಚಣೆ ಇರುವುದಿಲ್ಲ, ಕೂಲಿಯಾಳುಗಳು ದೊರೆಯುತ್ತಾರೆ, ಕೈಯಲ್ಲಿ ಸ್ವಲ್ಪ ಹಣವೂ ಇರುತ್ತದೆ. ಆದುದರಿಂದ ಉಗ್ರಾಣ, ಬೀಜದ ಕೊಠಡಿ, ಕೋಳಿಮನೆ ಮುಂತಾದವುಗಳನ್ನು ಅನೇಕ ರೈತರು ಇದೇ ಅವಧಿಯಲ್ಲಿ ಕಟ್ಟಿಸುತ್ತಾರೆ. ಇದೇ ಸಮಯದಲ್ಲಿ ರಾಗಿಯ ಒಕ್ಕಣೆಯೂ ತೊಗರಿಯ ಕೊಯ್ಲೂ ನಡೆಯುವುದರಿಂದ, ಗಿಲಾವಿನ ಹಸಿ ಆರುವ ಮೊದಲೇ ಚೀಲಗಳನ್ನು ಹೊಸ ಕಟ್ಟಡದೊಳಗೆ ಪೇರಿಸುವ ಅವಸರವುಂಟಾಗುತ್ತದೆ. ಬೇಗ ಒಣಗಲೆಂದು ಬಾಗಿಲು ಮುಚ್ಚಿ ಕೆಂಡ ಹಾಕುವ ಪದ್ಧತಿಯೂ ಕೆಲವೆಡೆ ಇದೆ.

ಈ ಎರಡೂ ಕ್ರಮಗಳು ಅಪಾಯಕಾರಿ. ಮೊದಲನೆಯದರಿಂದ ಧಾನ್ಯ ಕೆಡುತ್ತದೆ. ಎರಡನೆಯದರಿಂದ ಪ್ರಾಣಕ್ಕೇ ಕುತ್ತು ಬರಬಹುದು. ನೀವು ನೆನಪಿನಲ್ಲಿಡಬೇಕಾದ ಮುಖ್ಯ ಅಂಶ ಇಷ್ಟು: ಶಾಖವು ಗೋಡೆಯ ನೀರನ್ನು ಆವಿಯಾಗಿಸುತ್ತದೆಯೇ ಹೊರತು ಕಟ್ಟಡದಿಂದ ಹೊರಗೆ ಸಾಗಿಸುವುದಿಲ್ಲ. ಹೊರಗೆ ಸಾಗಿಸುವುದು ಗಾಳಿ.

ನಮ್ಮ ಚಳಿ ಮತ್ತು ಹಿಮ ಪ್ರದೇಶದ ಚಳಿ

ಚಳಿಗಾಲದ ಕಾಮಗಾರಿಗೆ ತಾತ್ಕಾಲಿಕ ಶಾಖ ಒದಗಿಸಬೇಕೆಂಬ ಸಲಹೆ ಮೂಲತಃ ಹಿಮ ಬೀಳುವ ಪ್ರದೇಶಗಳಿಗೆ ಸೇರಿದ್ದು. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಸಿ ಕಾಂಕ್ರೀಟಿನೊಳಗಿನ ನೀರು ಹೀಗೆ ಹಿಗ್ಗಿದರೆ ಕಾಂಕ್ರೀಟು ಗಟ್ಟಿಯಾಗುವ ಮುನ್ನವೇ ಒಳಗಿನಿಂದ ಒಡೆಯುತ್ತದೆ. ಆದಕಾರಣ ಲಡಾಖ್, ಹಿಮಾಚಲ ಪ್ರದೇಶದಂತಹ ಎತ್ತರದ ಪ್ರದೇಶಗಳಲ್ಲಿ ಕಾಮಗಾರಿಯ ಸುತ್ತ ಹೊದಿಕೆ ಕಟ್ಟಿ, ಒಳಗೆ ಶಾಖ ನೀಡಿ, ಕಾಂಕ್ರೀಟನ್ನು ಬೆಚ್ಚಗಿಡಬೇಕಾಗುತ್ತದೆ. ಭಾರತೀಯ ಮಾನಕ ಐಎಸ್ 7861ರ ಎರಡನೆಯ ಭಾಗವು ಸುಮಾರು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿ ನಡೆಯುವ ಕಾಂಕ್ರೀಟ್ ಕೆಲಸವನ್ನು ಶೀತ ಹವೆಯ ಕಾಮಗಾರಿ ಎಂದು ಪರಿಗಣಿಸುತ್ತದೆ.

ಕರ್ನಾಟಕದ ಕೃಷಿ ಪ್ರದೇಶಗಳಲ್ಲಿ ಕಾಂಕ್ರೀಟು ಹೆಪ್ಪುಗಟ್ಟುವ ಭಯವಿಲ್ಲ. ನಮ್ಮ ಸಮಸ್ಯೆಗಳು ಬೇರೆ ಬಗೆಯವು: ತಂಪಾದ ರಾತ್ರಿಗಳಲ್ಲಿ ಸಿಮೆಂಟು ನಿಧಾನವಾಗಿ ಬಲ ಪಡೆಯುವುದು, ಹಗಲಿನ ಒಣ ಗಾಳಿಗೆ ಹೊಸ ಗಿಲಾವು ಬಿರುಕು ಬಿಡುವುದು, ಮಲೆನಾಡು ಹಾಗೂ ಕೊಡಗಿನ ಮಂಜಿನ ಮುಂಜಾವಿನಲ್ಲಿ ಒಳಗೋಡೆ ಬೆವರುವುದು, ಮತ್ತು ಕಟ್ಟಡದೊಳಗೆ ಉಳಿದ ನೀರು ಧಾನ್ಯಕ್ಕೆ ಸೇರುವುದು.

ಮೊದಲ ಹಂತ: ನೀರುಣಿಸುವ ಅವಧಿ

ನೀರುಣಿಸುವುದು (ಕ್ಯೂರಿಂಗ್) ಮತ್ತು ಒಣಗಿಸುವುದು ಒಂದಕ್ಕೊಂದು ವಿರುದ್ಧವಾದ ಎರಡು ಹಂತಗಳು. ಮೊದಲನೆಯದು ಪೂರ್ಣಗೊಂಡ ನಂತರವೇ ಎರಡನೆಯದನ್ನು ಆರಂಭಿಸಬೇಕು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ; ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಈ ಅವಧಿಯಲ್ಲಿ ಶಾಖ ನೀಡಿ ನೀರನ್ನು ಆರಿಸಿದರೆ ನೆಲ ಮತ್ತು ಗಿಲಾವು ಬಲಹೀನವಾಗಿ, ಬಿರುಕು ಬಿಟ್ಟು, ಪುಡಿ ಉದುರುತ್ತವೆ.

- ಐಎಸ್ 456ರ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ (ಒಪಿಸಿ) ಬಳಸಿದ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನಿರಂತರವಾಗಿ ತೇವ ಕಾಯ್ದುಕೊಳ್ಳಬೇಕು. ಮಿಶ್ರ ಸಿಮೆಂಟಿಗೆ ಇದನ್ನು 14 ದಿನಗಳಿಗೆ ವಿಸ್ತರಿಸುವುದು ಸೂಕ್ತ.
- ಚೀಲದ ಮೇಲೆ ಪಿಪಿಸಿ ಎಂದು ಮುದ್ರಿತವಾಗಿದ್ದರೆ ಅದು ಮಿಶ್ರ ಸಿಮೆಂಟು. ಅದಕ್ಕೆ 14 ದಿನಗಳ ಲೆಕ್ಕವನ್ನೇ ಅನುಸರಿಸಿ.
- ತಾರಸಿಯ ಮೇಲೆ ಮಣ್ಣಿನ ಅಥವಾ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಿ. ಗೋಡೆಗಳಿಗೆ ಒದ್ದೆ ಗೋಣಿಚೀಲ ಹೊದಿಸಿ. ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ಸಾಲದು. ಡಿಸೆಂಬರ್‌ನ ಒಣ ಗಾಳಿಗೆ ಅದು ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತದೆ.
- ತಾರಸಿಯ ಸೆಂಟ್ರಿಂಗ್ ತೆಗೆಯಲು ಅದೇ ಮಾನಕ ಸೂಚಿಸುವ ದಿನಗಳು, ಅಂದರೆ 4.5 ಮೀಟರ್‌ವರೆಗಿನ ಅಂತರಕ್ಕೆ 7 ದಿನ, ಅದಕ್ಕೂ ಹೆಚ್ಚಿನ ಅಂತರಕ್ಕೆ 14 ದಿನ, ಒಪಿಸಿ ಬಳಸಿ, ಸರಿಯಾಗಿ ನೀರುಣಿಸಿ, ಉಷ್ಣಾಂಶವು 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ ಮಾತ್ರ ಅನ್ವಯಿಸುತ್ತವೆ. ರಾತ್ರಿಯ ಉಷ್ಣಾಂಶ ಇದಕ್ಕಿಂತ ಕೆಳಗಿಳಿಯುತ್ತಿದ್ದರೆ ಅಥವಾ ಪಿಪಿಸಿ ಬಳಸಿದ್ದರೆ ಊರೆಗಂಬಗಳನ್ನು ಇನ್ನಷ್ಟು ದಿನ ಉಳಿಸಿಕೊಂಡು, ಎಂಜಿನಿಯರರ ಸಲಹೆಯ ನಂತರವೇ ತೆಗೆಸಿ.

ಹೊಸ ಕಟ್ಟಡದಲ್ಲಿ ಎಷ್ಟು ನೀರಿರುತ್ತದೆ?

ಉದಾಹರಣೆಗೆ 6 ಮೀಟರ್ ಉದ್ದ, 5 ಮೀಟರ್ ಅಗಲ, 3.5 ಮೀಟರ್ ಎತ್ತರದ ಉಗ್ರಾಣವೊಂದನ್ನು ತೆಗೆದುಕೊಳ್ಳೋಣ. ಅದರೊಳಗಿನ ಗಾಳಿಯ ಗಾತ್ರ 105 ಘನ ಮೀಟರ್.

- ನೆಲ: 10 ಸೆಂ.ಮೀ. ದಪ್ಪಕ್ಕೆ 3 ಘನ ಮೀಟರ್ ಕಾಂಕ್ರೀಟು ಬೇಕು. ಸುಮಾರು 21 ಚೀಲ ಸಿಮೆಂಟಿಗೆ ಚೀಲವೊಂದಕ್ಕೆ 30 ಲೀಟರಿನಂತೆ 630 ಲೀಟರ್ ನೀರು. ಸಿಮೆಂಟಿನ ತೂಕದ ಕಾಲು ಭಾಗದಷ್ಟು ನೀರು, ಅಂದರೆ ಸುಮಾರು 250 ಲೀಟರ್, ರಾಸಾಯನಿಕವಾಗಿ ಸೇರಿಹೋಗುತ್ತದೆ. ಉಳಿದ 380 ಲೀಟರಿನಲ್ಲಿ ಹೆಚ್ಚಿನ ಪಾಲು ನಿಧಾನವಾಗಿ ಹೊರಬರಬೇಕು.
- ಗೋಡೆ: 9 ಅಂಗುಲದ ಗೋಡೆಗೆ ಸುಮಾರು 7,500 ಇಟ್ಟಿಗೆ ಎಂದುಕೊಳ್ಳಿ. 3 ಕಿ.ಗ್ರಾಂ. ತೂಕದ ಇಟ್ಟಿಗೆ ನೆನೆದಾಗ ತೂಕದ ಶೇ. 10ರಷ್ಟು ನೀರು ಹೀರಿದರೂ ಒಂದಕ್ಕೆ 300 ಮಿ.ಲೀ.; ಒಟ್ಟು 2,250 ಲೀಟರ್.
- ಗಿಲಾವಿನ ನೀರು ಮತ್ತು ನಂತರ ಉಣಿಸಿದ ನೀರು ಇದರ ಮೇಲೆ.

ಇದರಲ್ಲಿ ಅರ್ಧಕ್ಕೂ ಹೆಚ್ಚು ನೀರು ಗೋಡೆಯ ಹೊರಮೈಯಿಂದ ಆರಿಹೋಯಿತೆಂದರೂ, ಒಳಭಾಗದ ಗಾಳಿಗೆ 1,000 ಲೀಟರಿನಷ್ಟು ಸೇರುವುದು ಖಚಿತ. ಮುಟ್ಟಿದಾಗ ಒಣಗಿದಂತೆ ತೋರುವ ಗೋಡೆಯ ಒಳಗೆ ಈ ನೀರು ಅಡಗಿರುತ್ತದೆ.

ಶಾಖ ಮತ್ತು ಗಾಳಿಯ ಲೆಕ್ಕಾಚಾರ

ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ಗರಿಷ್ಠ ನೀರಾವಿ ಹೀಗಿದೆ:

- 10 ಡಿಗ್ರಿಯಲ್ಲಿ: 9.4 ಗ್ರಾಂ
- 15 ಡಿಗ್ರಿಯಲ್ಲಿ: 12.8 ಗ್ರಾಂ
- 20 ಡಿಗ್ರಿಯಲ್ಲಿ: 17.3 ಗ್ರಾಂ
- 25 ಡಿಗ್ರಿಯಲ್ಲಿ: 23.0 ಗ್ರಾಂ
- 30 ಡಿಗ್ರಿಯಲ್ಲಿ: 30.4 ಗ್ರಾಂ

ಈಗ ರಾತ್ರಿ ಬಾಗಿಲು, ಕಿಟಕಿಗಳನ್ನು ಪೂರ್ಣವಾಗಿ ಮುಚ್ಚಿ, 15 ಡಿಗ್ರಿಯಲ್ಲಿದ್ದ ಕೊಠಡಿಯನ್ನು 25 ಡಿಗ್ರಿಗೆ ಬಿಸಿ ಮಾಡಿದಿರೆಂದು ಭಾವಿಸಿ. ಕೊಠಡಿಯ ಗಾಳಿ ಗೋಡೆಗಳಿಂದ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರನ್ನು ಹೀರಿ ತುಂಬಿಹೋಗುತ್ತದೆ. ಆಮೇಲೆ ಎಷ್ಟೇ ಹೊತ್ತು ಅದೇ ಶಾಖ ನೀಡಿದರೂ ಮುಂದಿನ ಒಣಗುವಿಕೆ ನಡೆಯದು. ಬೆಳಗಿನ ಜಾವ ಬೆಂಕಿ ಆರಿ ಕೊಠಡಿ ಮತ್ತೆ 15 ಡಿಗ್ರಿಗೆ ಇಳಿದಾಗ, ಹೀರಿದ್ದ ನೀರೆಲ್ಲ ತಗಡಿನ ಚಾವಣಿ, ಕಬ್ಬಿಣದ ಬಾಗಿಲು ಮತ್ತು ತಣ್ಣಗಿನ ಗೋಡೆಗಳ ಮೇಲೆ ಹನಿಯಾಗಿ ಕೂರುತ್ತದೆ. ರಾತ್ರಿಯಿಡೀ ಉರಿಸಿದ ಸೌದೆಗೆ ದೊರೆತ ಫಲ ಶೂನ್ಯ.

ಗಾಳಿ ಬದಲಾಗುತ್ತಿದ್ದರೆ ಪರಿಸ್ಥಿತಿ ಬೇರೆ. ಕೊಠಡಿಗೆ ಬಂದು ಹೋಗುವ ಪ್ರತಿ ಘನ ಮೀಟರ್ ಗಾಳಿ 5 ಗ್ರಾಂ ನೀರನ್ನು ಹೊತ್ತೊಯ್ದರೆ, ಕೊಠಡಿಯ ಗಾಳಿ ಒಮ್ಮೆ ಪೂರ್ಣ ಬದಲಾದಾಗ ಅರ್ಧ ಲೀಟರ್ ನೀರು ಹೊರಹೋಗುತ್ತದೆ. 1,000 ಲೀಟರ್ ನೀರು ಹೋಗಬೇಕಾದರೆ ಗಾಳಿ 2,000 ಬಾರಿ ಬದಲಾಗಬೇಕು. ಗಂಟೆಗೆ 10 ಬಾರಿಯಂತೆ ದಿನಕ್ಕೆ 8 ಗಂಟೆ ಗಾಳಿಯಾಡಿದರೆ 25 ದಿನಗಳಾಗುತ್ತವೆ. ಆದರೆ ಮೇಲ್ಮೈ ಒಣಗಿದ ಬಳಿಕ ಒಳಗಿನ ನೀರು ಬಹಳ ನಿಧಾನವಾಗಿ ಹೊರಬರುವುದರಿಂದ ವಾಸ್ತವದಲ್ಲಿ ಎರಡರಿಂದ ಮೂರು ತಿಂಗಳು ಬೇಕಾಗುತ್ತದೆ. ಕಾಂಕ್ರೀಟ್ ನೆಲಕ್ಕೆ ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಸ್ಥೂಲ ಲೆಕ್ಕ. ಅದರಂತೆ 10 ಸೆಂ.ಮೀ. ದಪ್ಪದ ನೆಲವು ಪೂರ್ಣವಾಗಿ ಆರಲು ಗೋಡೆಗಿಂತಲೂ ಹೆಚ್ಚು ಕಾಲ ಹಿಡಿಯಬಹುದು.

ಬಯಲುಸೀಮೆಯಲ್ಲಿ ಜನವರಿಯ ಮಧ್ಯಾಹ್ನ 28 ಡಿಗ್ರಿ ಉಷ್ಣಾಂಶ, ಶೇ. 40ರಷ್ಟು ಸಾಪೇಕ್ಷ ಆರ್ದ್ರತೆ ಇರುವ ಗಾಳಿ ಸಾಮಾನ್ಯ. ಅಂತಹ ಗಾಳಿ ಯಾವುದೇ ಇಂಧನವಿಲ್ಲದೆ, ಪ್ರತಿ ಘನ ಮೀಟರಿಗೆ 4ರಿಂದ 5 ಗ್ರಾಂ ನೀರನ್ನು ಹೊತ್ತೊಯ್ಯಬಲ್ಲದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.7 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. 1,000 ಲೀಟರಿಗೆ 700 ಯೂನಿಟ್. ಬಿಸಿಲು ಮತ್ತು ಗಾಳಿ ಇದನ್ನು ಪುಕ್ಕಟೆಯಾಗಿ ಒದಗಿಸುತ್ತವೆ. ಆದ್ದರಿಂದ ಬಯಲುಸೀಮೆಯ ಬಹುಪಾಲು ಕಟ್ಟಡಗಳಿಗೆ ತಾತ್ಕಾಲಿಕ ಶಾಖದ ಅಗತ್ಯವೇ ಇಲ್ಲ.

ತಾತ್ಕಾಲಿಕ ಶಾಖದ ವಿಧಗಳು

ಮಲೆನಾಡು, ಕೊಡಗು ಮುಂತಾದ ಕಡೆ ಮಂಜು ಹೊತ್ತೇರಿದರೂ ಕರಗದಿದ್ದಾಗ, ನೆರಳಿನ ಕಟ್ಟಡಗಳಲ್ಲಿ, ಅಥವಾ ಅಕಾಲಿಕ ಮಳೆ ಬಂದಾಗ ಶಾಖದ ನೆರವು ಬೇಕಾಗಬಹುದು. ಆಗ ಯಾವ ಬಗೆಯ ಶಾಖ ಎಂಬುದು ಮುಖ್ಯ.

1. ಹೊಗೆ ಹೊರಗೆ ಹೋಗುವ ಪರೋಕ್ಷ ಶಾಖ: ಇದೇ ಉತ್ತಮ. ಹುಣಸೂರು, ಪಿರಿಯಾಪಟ್ಟಣ ಭಾಗದ ವರ್ಜೀನಿಯಾ ತಂಬಾಕಿನ ಬ್ಯಾರನ್ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಬಿಸಿ ಹೊಗೆ ತಗಡಿನ ಕೊಳವೆಯ ಮೂಲಕ ಒಳಗೆ ಹಾದು ಚಿಮಣಿಯಿಂದ ಹೊರಹೋಗುತ್ತದೆ. ಕೆಳಗಿನ ಕಿಂಡಿಯಿಂದ ಬಂದ ಗಾಳಿ ಬಿಸಿಯಾಗಿ, ಎಲೆಯ ತೇವವನ್ನು ಹೊತ್ತು ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ಕಿಂಡಿ ಮುಚ್ಚಿದರೆ ಎಲೆ ಒಣಗುವುದಿಲ್ಲ ಎಂಬುದು ಅಲ್ಲಿನ ರೈತರಿಗೆಲ್ಲ ತಿಳಿದ ವಿಷಯ. ಉಗ್ರಾಣಕ್ಕೂ ಇದೇ ತತ್ತ್ವ ಅನ್ವಯಿಸುತ್ತದೆ.

2. ವಿದ್ಯುತ್ ಹೀಟರ್: ಹೊಗೆಯಾಗಲಿ ಹೆಚ್ಚುವರಿ ನೀರಾವಿಯಾಗಲಿ ಇರುವುದಿಲ್ಲ, ಖರ್ಚು ಹೆಚ್ಚು. ಒದ್ದೆ ನೆಲದ ಮೇಲೆ ವಿದ್ಯುದಾಘಾತದ ಅಪಾಯವಿರುವುದರಿಂದ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇಲ್ಲದ ಸಂಪರ್ಕ ಬಳಸಬಾರದು.

3. ಕೋಳಿಮರಿಗಳಿಗೆ ಬಳಸುವ ಗ್ಯಾಸ್ ಬ್ರೂಡರ್: ಒಂದು ಕಿ.ಗ್ರಾಂ. ಎಲ್‌ಪಿಜಿ ಉರಿದಾಗ ಸುಮಾರು 1.6 ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅಂದರೆ 14.2 ಕಿ.ಗ್ರಾಂ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಕೊಠಡಿಗೆ ಸುಮಾರು 22 ಲೀಟರ್ ನೀರನ್ನು ನೀವೇ ಸೇರಿಸಿದಂತಾಗುತ್ತದೆ. ಗಾಳಿಯಾಡದ ಕೊಠಡಿಯಲ್ಲಿ ಇದು ಒಣಗಿಸುವ ಬದಲು ಒದ್ದೆ ಮಾಡುತ್ತದೆ. ಸೀಮೆಎಣ್ಣೆ ಒಲೆಗೂ ಇದೇ ಮಾತು ಅನ್ವಯಿಸುತ್ತದೆ.

4. ತೆರೆದ ಕೆಂಡ, ಇದ್ದಿಲಿನ ಅಗ್ಗಿಷ್ಟಿಕೆ, ತೆಂಗಿನ ಚಿಪ್ಪು, ಬೆರಣಿ: ಬಳಸಲೇಬಾರದು. ಹೊಸದಾಗಿ ಹಾಕಿದ ನೆಲದ ಬಳಿ ತೆರೆದ ಬೆಂಕಿ ಉರಿಸಿದರೆ ಅದರ ಇಂಗಾಲದ ಡೈಆಕ್ಸೈಡ್ ಹಸಿ ಸಿಮೆಂಟಿನೊಡನೆ ವರ್ತಿಸಿ, ಮೇಲ್ಮೈಯನ್ನು ಸುಣ್ಣದ ಪುಡಿಯಂತೆ ಮೃದುವಾಗಿಸುತ್ತದೆ. ಅಂತಹ ನೆಲ ವರ್ಷಗಟ್ಟಲೆ ಧೂಳು ಏಳುತ್ತದೆ.

ಪ್ರಾಣಾಪಾಯದ ಎಚ್ಚರಿಕೆ

ಮುಚ್ಚಿದ ಕೊಠಡಿಯಲ್ಲಿ ಕೆಂಡ ಅಥವಾ ಗ್ಯಾಸ್ ಉರಿದಾಗ ಇಂಗಾಲದ ಮಾನಾಕ್ಸೈಡ್ ಅನಿಲ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವುದರಿಂದ ದೇಹಕ್ಕೆ ಆಮ್ಲಜನಕ ದೊರೆಯದಂತಾಗುತ್ತದೆ. ಹೊಗೆಯಿಲ್ಲದೆ ನಿಗಿನಿಗಿ ಹೊಳೆಯುವ ಇದ್ದಿಲಿನ ಕೆಂಡ ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಅದೇ ಹೆಚ್ಚು ಅಪಾಯಕಾರಿ.

- ಕಾಮಗಾರಿ ಸ್ಥಳ ಕಾಯುವವರು ಅಥವಾ ಕಾರ್ಮಿಕ ಕುಟುಂಬಗಳು ಹೊಸ ಕಟ್ಟಡದೊಳಗೆ ಕೆಂಡ ಇಟ್ಟುಕೊಂಡು ಮಲಗದಂತೆ ನೋಡಿಕೊಳ್ಳುವುದು ಮಾಲೀಕರಾದ ನಿಮ್ಮ ಹೊಣೆ. ಅವರಿಗೆ ಕಂಬಳಿ ಕೊಡಿಸಿ. ಅದು ಅಗ್ಗ ಮತ್ತು ಸುರಕ್ಷಿತ.
- ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಇದರ ಮೊದಲ ಲಕ್ಷಣಗಳು. ನಿದ್ರೆಯಲ್ಲಿರುವವರಿಗೆ ಈ ಸೂಚನೆಯೂ ದೊರೆಯದು.
- ಯಾರಾದರೂ ಪ್ರಜ್ಞೆ ತಪ್ಪಿದ್ದರೆ ಮೊದಲು ಬಾಗಿಲು, ಕಿಟಕಿ ತೆರೆದು, ಅವರನ್ನು ಹೊರಗಿನ ಗಾಳಿಗೆ ತಂದು, ಕೂಡಲೇ 108ಕ್ಕೆ ಕರೆ ಮಾಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಪರೀಕ್ಷೆ ಅಗತ್ಯ.

ಒಣಗಿಸುವ ಕ್ರಮ

1. ನೀರುಣಿಸುವ ಅವಧಿ ಮುಗಿದ ಮೇಲೆ ಮೊದಲ ವಾರ ನೆರಳಿನ ಗಾಳಿಯಲ್ಲಿ ನಿಧಾನವಾಗಿ ಆರಲು ಬಿಡಿ. ಒಮ್ಮೆಗೇ ಶಾಖ ಅಥವಾ ಬಿರುಸಾದ ಗಾಳಿ ತಾಗಿಸಬೇಡಿ.
2. ಎರಡನೆಯ ವಾರದಿಂದ ಬೆಳಗ್ಗೆ ಮಂಜು ಪೂರ್ಣ ಕರಗಿದ ನಂತರ, ಸುಮಾರು 10 ಗಂಟೆಗೆ, ಎದುರುಬದುರಿನ ಬಾಗಿಲು, ಕಿಟಕಿಗಳನ್ನು ಪೂರ್ಣವಾಗಿ ತೆರೆಯಿರಿ. ಸಂಜೆ ಹೊತ್ತು ಮುಳುಗುವ ಮುನ್ನ ಮುಚ್ಚಿ, ಗೋಡೆಗಳು ಹೀರಿದ ಬಿಸಿಯನ್ನು ಉಳಿಸಿಕೊಳ್ಳಿ.
3. ಮೇಲಿನ ಗವಾಕ್ಷಿಗಳು ಹಗಲು ರಾತ್ರಿ ತೆರೆದೇ ಇರಲಿ. ಇಲಿ, ಹಕ್ಕಿ ಬಾರದಂತೆ ತಂತಿ ಬಲೆ ಹಾಕಿಸಿ.
4. ಎದುರು ಕಿಟಕಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನನ್ನು ಒಂದು ಗೋಡೆಯ ಮೇಲ್ಭಾಗದಲ್ಲಿ ಕೂರಿಸಿ, ಅದರ ಎದುರಿನ ಗೋಡೆಯ ಕೆಳಭಾಗದಲ್ಲಿ ಗಾಳಿ ಬರುವ ದಾರಿ ಬಿಡಿ. ಮೇಲಿನ ಉದಾಹರಣೆಯ ಕೊಠಡಿಗೆ ಗಂಟೆಗೆ ಸುಮಾರು 1,000 ಘನ ಮೀಟರ್ ಗಾಳಿ ಹೊರಹಾಕುವ ಫ್ಯಾನ್ ಸಾಕು.
5. ಶಾಖ ಬಳಸುವುದೇ ಆದರೆ ಕೊಠಡಿಯ ಉಷ್ಣಾಂಶವನ್ನು 25ರಿಂದ 30 ಡಿಗ್ರಿಯೊಳಗೆ ಇರಿಸಿ, ಫ್ಯಾನ್ ಅಥವಾ ಗವಾಕ್ಷಿ ತೆರೆದಿಟ್ಟೇ ಬಳಸಿ. ಶಾಖವನ್ನು ಒಂದೇ ಗೋಡೆಗೆ ನೇರವಾಗಿ ತಾಗಿಸಬೇಡಿ.
6. ಕಟ್ಟಡ ಆರುವ ಮೊದಲು ಆಯಿಲ್ ಪೇಂಟ್ ಬಳಿಯಬೇಡಿ. ಬಣ್ಣದ ಪದರ ತೇವವನ್ನು ಒಳಗೇ ಬಂಧಿಸಿ ಕೊನೆಗೆ ಗುಳ್ಳೆಯೆದ್ದು ಕಿತ್ತುಬರುತ್ತದೆ. ಮೊದಲ ವರ್ಷ ಸುಣ್ಣ ಬಳಿಯುವುದು ಸೂಕ್ತ. ಅದರ ಮೂಲಕ ತೇವ ಹೊರಬರುತ್ತದೆ.

ಒಣಗಿದೆಯೇ ಎಂದು ಪರೀಕ್ಷಿಸುವ ವಿಧಾನ

ಸುಮಾರು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚುಗಳನ್ನು ಗಾಳಿ ನುಸುಳದಂತೆ ಟೇಪಿನಿಂದ ಅಂಟಿಸಿ. ಕನಿಷ್ಠ 16 ಗಂಟೆಗಳ ನಂತರ ಬಿಚ್ಚಿ ನೋಡಿ. ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಅಥವಾ ಕೆಳಗಿನ ನೆಲ ಕಪ್ಪಾಗಿದ್ದರೆ ತೇವ ಇನ್ನೂ ಉಳಿದಿದೆ. ನೆಲದ ಎರಡು ಮೂರು ಕಡೆ ಹಾಗೂ ಗೋಡೆಯ ಕೆಳಭಾಗದಲ್ಲಿ ಇದನ್ನು ಮಾಡಿ, ಎರಡು ವಾರಗಳ ಅಂತರದಲ್ಲಿ ಪುನರಾವರ್ತಿಸಿ.

ಇದರ ಜೊತೆಗೆ ಕೊಠಡಿಯಲ್ಲಿ ಒಂದು ಆರ್ದ್ರತಾ ಮಾಪಕವನ್ನು ತೂಗುಹಾಕಿ. ಒಂದು ರಾತ್ರಿ ಮಾತ್ರ ಗವಾಕ್ಷಿಗಳನ್ನೂ ಸೇರಿಸಿ ಎಲ್ಲವನ್ನೂ ಮುಚ್ಚಿ, ಬೆಳಗ್ಗೆ ಓದಿದಾಗ ಸಾಪೇಕ್ಷ ಆರ್ದ್ರತೆ ಶೇ. 70ಕ್ಕಿಂತ ಹೆಚ್ಚಿದ್ದರೆ ಆ ಕೊಠಡಿ ಧಾನ್ಯಕ್ಕೆ ಸಿದ್ಧವಾಗಿಲ್ಲ. ಮೂರು ನಾಲ್ಕು ತಿಂಗಳು ಕಳೆದರೂ ಗೋಡೆಯ ಬುಡ ಮಾತ್ರ ತೇವವಾಗಿಯೇ ಉಳಿದು, ಬಿಳಿ ಉಪ್ಪಿನ ಪುಡಿ ಕಾಣಿಸುತ್ತಿದ್ದರೆ, ಅದು ಕಾಮಗಾರಿಯ ನೀರಲ್ಲ, ನೆಲದಿಂದ ಏರುತ್ತಿರುವ ತೇವ. ಅದಕ್ಕೆ ಶಾಖ ಪರಿಹಾರವಲ್ಲ. ತಳಪಾಯದ ಮೇಲಿನ ತೇವ ನಿರೋಧಕ ಪದರ ಮತ್ತು ಕಟ್ಟಡದ ಸುತ್ತಲಿನ ಬಸಿಗಾಲುವೆಯನ್ನು ಸರಿಪಡಿಸಬೇಕು.

ಈ ವರ್ಷದ ಫಸಲನ್ನು ಎಲ್ಲಿಡಬೇಕು?

ರಾಗಿ ಮತ್ತು ಜೋಳವನ್ನು ಶೇ. 12, ತೊಗರಿಯನ್ನು ಶೇ. 10, ಶೇಂಗಾ ಕಾಯಿಯನ್ನು ಶೇ. 8ರ ತೇವಾಂಶಕ್ಕೆ ಒಣಗಿಸಿ ಸಂಗ್ರಹಿಸಬೇಕೆಂಬುದು ನಿಮಗೆ ತಿಳಿದಿದೆ. ಆದರೆ ಚೆನ್ನಾಗಿ ಒಣಗಿದ ಧಾನ್ಯವೂ ತೇವದ ಕೊಠಡಿಯಲ್ಲಿ ಗಾಳಿಯಿಂದ ನೀರನ್ನು ಮರಳಿ ಹೀರುತ್ತದೆ. ಆಗ ಬೂಷ್ಟು ಬೆಳೆಯುತ್ತದೆ, ಮೂತಿ ಹುಳುಗಳು ವೃದ್ಧಿಯಾಗುತ್ತವೆ, ಬೀಜದ ಮೊಳಕೆ ಶಕ್ತಿ ಕುಗ್ಗುತ್ತದೆ. ಶೇಂಗಾ ಮತ್ತು ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. ಇದು ಮನುಷ್ಯರಿಗೂ ಜಾನುವಾರುಗಳಿಗೂ ಹಾನಿಕರ, ಬೇಯಿಸಿದರೂ ಪೂರ್ಣ ನಾಶವಾಗದು.

ಆದುದರಿಂದ ಕಟ್ಟಡ ಪೂರ್ಣಗೊಂಡ ವರ್ಷದ ಫಸಲನ್ನು ಸಾಧ್ಯವಾದಷ್ಟೂ ಹಳೆಯ ಮನೆಯಲ್ಲಿಯೇ ಅಥವಾ ಬಾಡಿಗೆ ಗೋದಾಮಿನಲ್ಲಿ ಇಡಿ. ಅನಿವಾರ್ಯವಾಗಿ ಹೊಸ ಕಟ್ಟಡದಲ್ಲಿಯೇ ಇಡಬೇಕಾದರೆ:

- ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರದ ಅಟ್ಟಣಿಗೆ ಹಾಕಿ ಚೀಲಗಳನ್ನು ಪೇರಿಸಿ. ಗೋಡೆಯಿಂದ ಕನಿಷ್ಠ ಎರಡು ಅಡಿ ದೂರವಿರಲಿ.
- ಒಣಗಿದ ಧಾನ್ಯವನ್ನು ಗಾಳಿಯಾಡದ ಬಹುಪದರದ ಚೀಲಗಳಲ್ಲಿ ತುಂಬಿ ಬಾಯಿ ಬಿಗಿದರೆ ಹೊರಗಿನ ತೇವ ಒಳಸೇರದು. ಒಣಗದ ಧಾನ್ಯವನ್ನು ಇಂತಹ ಚೀಲದಲ್ಲಿ ತುಂಬಬಾರದು.
- ಬಿತ್ತನೆ ಬೀಜವನ್ನು ಮೊದಲ ವರ್ಷ ಹೊಸ ಕಟ್ಟಡದಲ್ಲಿ ಇಡಲೇಬೇಡಿ.
- ಹದಿನೈದು ದಿನಗಳಿಗೊಮ್ಮೆ ಅಂಚಿನ ಮತ್ತು ಅಡಿಯ ಚೀಲಗಳಲ್ಲಿ ಕೈಯಿಟ್ಟು ನೋಡಿ. ಬಿಸಿ, ಮುಗ್ಗಲು ವಾಸನೆ ಅಥವಾ ಗಂಟು ಕಂಡರೆ ಕೂಡಲೇ ಹೊರತೆಗೆದು ಬಿಸಿಲಿನಲ್ಲಿ ಒಣಗಿಸಿ. ಬೂಷ್ಟು ಹಿಡಿದ ಧಾನ್ಯವನ್ನು ಬೇರ್ಪಡಿಸಿ; ಅದನ್ನು ಜಾನುವಾರುಗಳಿಗೂ ಹಾಕಬಾರದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಉಗ್ರಾಣ ಕಟ್ಟಲು ಬಯಸುವ ರೈತರಿಗೆ ಕಾಲಸೂಚಿಯನ್ನು ಮೊದಲೇ ತಿಳಿಸುವುದು ಎಲ್ಲ ಪರಿಹಾರಗಳಿಗಿಂತ ಮಿಗಿಲು. ಜನವರಿಯೊಳಗೆ ಗೋಡೆ ಮತ್ತು ಗಿಲಾವು ಮುಗಿದು, ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೇಸಿಗೆಯ ಗಾಳಿಗೆ ತೆರೆದಿಟ್ಟ ಕಟ್ಟಡ ಮುಂದಿನ ಮುಂಗಾರಿನ ಫಸಲಿಗೆ ಯಾವುದೇ ಶಾಖವಿಲ್ಲದೆ ಸಿದ್ಧವಾಗುತ್ತದೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಗ್ರಾಮದ ಒಂದು ಕಟ್ಟಡದಲ್ಲಿ ಎಲ್ಲರ ಮುಂದೆ ಮಾಡಿ ತೋರಿಸಿರಿ. ಮರುದಿನ ಹಾಳೆಯಡಿ ಕೂತ ಹನಿಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಧಾನ್ಯದ ತೇವಾಂಶ ಅಳೆಯಿಸಲು ಹಾಗೂ ಹೆಚ್ಚಿನ ಸಲಹೆಗೆ ರೈತರು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.